ದೀರ್ಘಯುದ್ಧ ಮತ್ತು ಒಳನಾಡಿನ ಲೋಕಾಭಿಪ್ರಾಯ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆ

ರಣಾಂಗಣಕ್ಕೆ ದೂರವಾಗಿದ್ದು, ಆಯುಧವನ್ನು ಕೈಯಲ್ಲಿ ಹಿಡಿಯದೆ, ಆದರೂ ಯುದ್ಧದ ಭಾರವನ್ನು ಕಂದಾಯ, ಧಾನ್ಯ, ಅಭಾವ, ಬೆಲೆಯೇರಿಕೆ ಇವುಗಳ ರೂಪದಲ್ಲಿ ಹೊರತಕ್ಕ ಜನರು ವಾಸಿಸುವ ಪ್ರದೇಶವನ್ನು ಯುದ್ಧದ ಒಳನಾಡು ಎನ್ನಬಹುದು. ಯುದ್ಧವು ಕೆಲವು ವಾರಗಳಲ್ಲಿ ಮುಗಿದುಹೋದರೆ ಒಳನಾಡಿನ ಜನ ಅದನ್ನು ವಾರ್ತೆಯೆಂದು ಕೇಳುತ್ತಾರೆ. ಜಯವಾದರೆ ಹಿಗ್ಗುತ್ತಾರೆ, ಅಪಜಯವಾದರೆ ಕುಗ್ಗುತ್ತಾರೆ. ಅದೇ ಯುದ್ಧ ವರ್ಷಗಟ್ಟಳೆ ನಡೆಯಿತೆಂದರೆ, ವಾರ್ತೆಯೆಂಬುದು ಹಿಂದೆ ಸರಿದು, ಸಂತೆಯ ಧಾರಣೆ, ಸೀಮೆಎಣ್ಣೆಯ ಡಬ್ಬ, ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರರ ನೋಟೀಸು ಇವೇ ಯುದ್ಧವಾಗಿ ಪರಿಣಮಿಸುತ್ತವೆ. ಯುದ್ಧವನ್ನು ಕುರಿತ ಅಭಿಪ್ರಾಯವು ಯಾರಿಗೂ ಗೊತ್ತಾಗದಂತೆ ಸರ್ಕಾರವನ್ನು ಕುರಿತ ಅಭಿಪ್ರಾಯವಾಗಿ ಮಾರ್ಪಡುತ್ತದೆ. ಈಗಿನ ದಾವಣಗೆರೆ ಜಿಲ್ಲೆಗೆ ಸೇರಿದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಚರಿತ್ರೆಯಲ್ಲಿ ಈ ಮಾರ್ಪಾಡು ಹೇಗೆ ನಡೆಯಿತೆಂಬುದನ್ನು, ವಿಶೇಷವಾಗಿ ಎರಡನೆಯ ಮಹಾಯುದ್ಧದ ಕಾಲವನ್ನು ಮುಂದಿಟ್ಟುಕೊಂಡು, ಇಲ್ಲಿ ನಿರೂಪಿಸಿದೆ.

ಈ ವಿಷಯದ ಶಾಸ್ತ್ರೀಯ ವಿಚಾರವು ಇಪ್ಪತ್ತನೆಯ ಶತಮಾನದ್ದು. ಮೊದಲನೆಯ ಮಹಾಯುದ್ಧದ ಅನುಭವದಿಂದ ಅಮೆರಿಕದ ವಾಲ್ಟರ್ ಲಿಪ್‌ಮನ್ 1922ರಲ್ಲಿ ಲೋಕಾಭಿಪ್ರಾಯವನ್ನು ಕುರಿತೂ, ಹೆರಾಲ್ಡ್ ಲಾಸ್‌ವೆಲ್ 1927ರಲ್ಲಿ ಯುದ್ಧಪ್ರಚಾರದ ತಂತ್ರವನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು. ಕೊರಿಯಾ ಮತ್ತು ವಿಯಟ್ನಾಂ ಯುದ್ಧಗಳ ಕಾಲದ ಜನಮತ ಗಣನೆಗಳನ್ನು ಪರಿಶೀಲಿಸಿದ ಜಾನ್ ಮ್ಯೂಲರ್, ಸತ್ತವರ ಮತ್ತು ಗಾಯಗೊಂಡವರ ಸಂಖ್ಯೆ ಏರಿದಂತೆಲ್ಲ ಯುದ್ಧಕ್ಕಿರುವ ಬೆಂಬಲ ಇಳಿಯುವುದೆಂದೂ, ಆ ಇಳಿತ ಮೊದಮೊದಲು ತೀವ್ರವಾಗಿದ್ದು ಬರಬರುತ್ತ ಮಂದವಾಗುವುದೆಂದೂ 1973ರಲ್ಲಿ ಪ್ರತಿಪಾದಿಸಿದರು. ಮನೆಮನೆಯಿಂದ ಸೈನಿಕರು ಹೋಗುವ ದೇಶಕ್ಕೆ ಈ ಸಿದ್ಧಾಂತ ಒಪ್ಪತಕ್ಕದ್ದೇ. ಆದರೆ ಪಂಜಾಬಿನಲ್ಲಿದ್ದಂತೆ ಸೈನ್ಯಕ್ಕೆ ಸೇರುವ ರೂಢಿ ವ್ಯಾಪಕವಾಗಿಲ್ಲದ ಮೈಸೂರು ಸಂಸ್ಥಾನದ ಉತ್ತರದ ತಾಲ್ಲೂಕುಗಳಲ್ಲಿ ಮರಣದ ತಂತಿ ಬಂದ ಮನೆಗಳು ವಿರಳವೆಂದ ಮೇಲೆ, ಸತ್ತವರ ಪಟ್ಟಿಯಿಂದ ಇಲ್ಲಿನ ಅಭಿಪ್ರಾಯವನ್ನು ಅಳೆಯಲಾಗದು. ಇಲ್ಲಿ ಅಳತೆಗೋಲು ಕಣಜ. 1916–17ರ ಚಳಿಗಾಲದಲ್ಲಿ ಜರ್ಮನಿಯ ಜನ ಆಲೂಗಡ್ಡೆಯೂ ಸಿಕ್ಕದೆ ದನದ ಮೇವಿನ ಗೆಡ್ಡೆ ತಿಂದುದೂ, 1917ರಲ್ಲಿ ರಷ್ಯದ ಪೆಟ್ರೊಗ್ರಾಡಿನ ಹೆಂಗಸರು ರೊಟ್ಟಿಗಾಗಿ ಬೀದಿಗಿಳಿದುದು ಕಡೆಗೆ ಚಕ್ರವರ್ತಿಯ ಸಿಂಹಾಸನವನ್ನೇ ಉರುಳಿಸಿದುದೂ ಇದೇ ಜಾತಿಯ ಸಂಗತಿಗಳು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಯುಕ್ತ. ಈ ಸೀಮೆಯಲ್ಲಿ ಯಾರೂ ಜನಮತವನ್ನು ಎಣಿಸಿದವರಲ್ಲ. ಓದುಬರಹ ಬಲ್ಲವರು ಅಲ್ಪಸಂಖ್ಯಾತರಾಗಿದ್ದ ಕಾಲದಲ್ಲಿ ಪತ್ರಿಕೆಯ ಲೇಖನಗಳು ಪಟ್ಟಣದ ವಕೀಲರ, ವರ್ತಕರ, ಉಪಾಧ್ಯಾಯರ ಮನಸ್ಸನ್ನು ತಿಳಿಸುವುವೇ ಹೊರತು ಒಕ್ಕಲಿನವನ ಮನಸ್ಸನ್ನಲ್ಲ. ಆದಕಾರಣ ಅಭಿಪ್ರಾಯವನ್ನು ಮಾತಿನಲ್ಲಿ ಹುಡುಕುವುದಕ್ಕಿಂತ ನಡತೆಯಲ್ಲಿ, ಎಂದರೆ ಧಾನ್ಯವನ್ನು ಬಚ್ಚಿಟ್ಟುದರಲ್ಲಿ, ಬೆಳ್ಳಿಯನ್ನು ಹೂತಿಟ್ಟುದರಲ್ಲಿ, ಸುಂಕವನ್ನು ನಿರಾಕರಿಸಿದುದರಲ್ಲಿ ಹುಡುಕುವುದು ಹೆಚ್ಚು ವಿಶ್ವಾಸಾರ್ಹ.

ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ಸೀಮೆಯೆನ್ನುವುದು ಆಡಳಿತದ ದೃಷ್ಟಿಯಿಂದ ಈಚಿನ ಮಾತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದುದು ಇನ್ನೂ ಈಚೆಗೆ. ಭೂಗುಣದಲ್ಲಿಯೂ ಅಂತರವುಂಟು. ಚನ್ನಗಿರಿಗೆ ಸೂಳೆಕೆರೆಯಂಥ ಮಹಾತಟಾಕವಿದೆ. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ನ್ಯಾಮತಿ ಮಲೆನಾಡಿಗೂ ಬಯಲುಸೀಮೆಗೂ ನಡುವೆ ಸರಕು ಕೈ ಬದಲಾಯಿಸುವ ವ್ಯಾಪಾರಸ್ಥಳವೆಂದು ಹಿಂದಿನಿಂದಲೂ ಹೆಸರಾದುದು. ಜಗಳೂರಾದರೋ ಮಳೆಯ ಮುಖ ನೋಡಿ ಜೋಳ, ರಾಗಿ, ಹತ್ತಿ, ಕಡಲೆಕಾಯಿ ಬೆಳೆಯುವ ಒಣನಾಡು. ಯುದ್ಧದ ಹೊರೆ ಈ ನಾಲ್ಕೆಡೆಯಲ್ಲಿಯೂ ಒಂದೇ ಸಮನಾಗಿ ಬೀಳಲಿಲ್ಲವೆಂಬುದಕ್ಕೆ ಈ ಭೇದವೇ ಮುಖ್ಯ ಕಾರಣ.

ದೀರ್ಘಯುದ್ಧದ ಪರಿಚಯ ಈ ಸೀಮೆಗೆ ಹೊಸದಾಗಿರಲಿಲ್ಲ. 1767ರಿಂದ 1799ರ ವರೆಗೆ ನಾಲ್ಕು ಆವೃತ್ತಿಗಳಲ್ಲಿ ನಡೆದ ಆಂಗ್ಲೋ-ಮೈಸೂರು ಯುದ್ಧಗಳ ಕಾಲದಲ್ಲಿ ಮೈಸೂರಿನವರೂ ಮರಾಠರೂ ಇಂಗ್ಲಿಷರೂ ತುಂಗಭದ್ರೆಯ ಈಚೆ ಆಚೆ ಸಂಚರಿಸಿದರು. ಊರ ನಡುವೆ ಕಲ್ಲುಮಣ್ಣಿನಿಂದ ಎತ್ತರವಾಗಿ ಕಟ್ಟಿದ ಹುಡೇವುಗಳೂ, ನೆಲದೊಳಗೆ ತೋಡಿ ಬಾಯಿ ಮುಚ್ಚಿದ ಧಾನ್ಯದ ಹಗೇವುಗಳೂ ಬಯಲುಸೀಮೆಯ ಹಳ್ಳಿಗಳ ಸಾಮಾನ್ಯ ಲಕ್ಷಣಗಳಾಗಿದ್ದುವು. ಒಂದು ಬರುವವರನ್ನು ದೂರದಿಂದಲೇ ಕಾಣುವುದಕ್ಕೆ, ಇನ್ನೊಂದು ಬಂದವರಿಗೆ ಕಾಣಿಸದೆ ಇರುವುದಕ್ಕೆ. ಯಾವ ದೊರೆ ಗೆದ್ದನೆಂಬುದಕ್ಕಿಂತ ಯಾವ ದಂಡು ಯಾವ ದಾರಿಯಲ್ಲಿ ಬರುವುದೆಂಬುದೇ ಆಗಿನ ಲೋಕಾಭಿಪ್ರಾಯದ ಸಾರವಾಗಿದ್ದಿರಬೇಕು. ಯುದ್ಧದಿಂದ ಜೀವನ ಸಾಗಿಸಿದವರೂ ಇದ್ದರು: ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಸೈನ್ಯಗಳ ಹಿಂದೆ ಸಾಗುತ್ತಿದ್ದ ಲಂಬಾಣಿಗಳಿಲ್ಲದೆ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ 1791–92ರಲ್ಲಿ ಶ್ರೀರಂಗಪಟ್ಟಣದವರೆಗೆ ನಡೆಯುವುದು ದುಸ್ಸಾಧ್ಯವಾಗುತ್ತಿತ್ತು. ಆ ಸಮುದಾಯದ ಆರಾಧ್ಯಪುರುಷರಾದ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಚನ್ನಗಿರಿಯಲ್ಲಿ ಹುಟ್ಟಿದನೆನ್ನಲಾದ ಧೋಂಡಿಯಾ ವಾಘನು, ಟಿಪ್ಪುವಿನ ಪತನಾನಂತರ ಸೆರೆಯಿಂದ ಬಿಡುಗಡೆ ಹೊಂದಿ, ಕೆಲಸ ಕಳೆದುಕೊಂಡ ಸಿಪಾಯಿಗಳನ್ನು ಕೂಡಿಸಿಕೊಂಡು, ಆರ್ಥರ್ ವೆಲ್ಲೆಸ್ಲಿಯ ಸೈನ್ಯದೊಡನೆ ಹೋರಾಡಿ 1800ರ ಸೆಪ್ಟೆಂಬರ್ 10ರಂದು ಮಡಿದನು. ಸುಲಿಗೆಗೆ ಸಿಕ್ಕಿದವರಿಗೆ ಅವನು ಕೊಳ್ಳೆಗಾರ, ಅವನ ಬೆನ್ನಿಗೆ ನಿಂತವರಿಗೆ ಅನ್ನದಾತ.

1830–31ರ ನಗರ (ಬಿದನೂರು) ಸೀಮೆಯ ದಂಗೆಯನ್ನು ಯುದ್ಧವೆನ್ನುವುದು ಅತಿಶಯವಾದೀತು. ಆದರೂ ಅದನ್ನು ಬಿಟ್ಟು ಮುಂದಿನ ಕಥೆ ತಿಳಿಯದು. ಇಷ್ಟು ಕಂದಾಯ ಕಟ್ಟುವೆವೆಂದು ಅಧಿಕಾರಿಗಳಿಂದ ಷರತ್ತು ಬರೆಸಿಕೊಂಡು ವಸೂಲು ಮಾಡಿಸುತ್ತಿದ್ದ ಪದ್ಧತಿ, ಬಿದ್ದುಹೋದ ಧಾನ್ಯದ ಬೆಲೆ, ಅಧಿಕಾರಿಗಳ ದಬ್ಬಾಳಿಕೆ ಇವುಗಳಿಂದ ರೋಸಿದ ರೈತರು ಊರೂರಿನಿಂದ ಬಂದು ಕೂಟ ಸೇರಿ, ಕಂದಾಯ ಕೊಡೆವೆಂದರು. ಚನ್ನಗಿರಿ, ಹೊನ್ನಾಳಿಗಳ ಸೀಮೆ ಆ ಕಲಹದ ನಡುಭಾಗದಲ್ಲಿತ್ತು. ಬೂದಿ ಬಸವಪ್ಪನು ನಗರದ ಗಾದಿಗೆ ತಾನೇ ಹಕ್ಕುದಾರನೆಂದು ಮುಂದೆ ಬಂದನು. ದಂಗೆ ಅಡಗಿತು, ಆದರೆ ಅದನ್ನೇ ನೆಪಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕನು 1831ರ ಅಕ್ಟೋಬರಿನಲ್ಲಿ ಮೈಸೂರಿನ ಆಡಳಿತವನ್ನೇ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಕಿತ್ತುಕೊಂಡನು, ಅದು ರಾಜವಂಶಕ್ಕೆ ಮರಳಿ ಬಂದುದು 1881ರಲ್ಲಿ. ದೊರೆಯನ್ನು ನಿಂದಿಸದೆ ದೊರೆಯ ನೌಕರನನ್ನು ಎದುರಿಸುವುದು, ಒಂಟಿಯಾಗಿ ಅಲ್ಲ, ಊರಿಗೆ ಊರೇ ಸೇರಿ ಎದುರಿಸುವುದು, ಈ ಎರಡು ಲಕ್ಷಣಗಳು ನೂರು ವರ್ಷಗಳ ತರುವಾಯ ಮತ್ತೆ ಕಾಣಿಸಿಕೊಂಡುವು.

ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿಗಳನ್ನು ಯುದ್ಧದ ವೆಚ್ಚಕ್ಕಾಗಿ ಅರ್ಪಿಸಿದರು. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಜೋಧಪುರದವರೊಡನೆ ಗೆದ್ದುಕೊಂಡಿತು. ಹಳ್ಳಿಗೆ ಈ ಕೀರ್ತಿಯ ಸುದ್ದಿ ತಲಪುವಷ್ಟರಲ್ಲಿ ಇನ್‌ಫ್ಲುಯೆಂಜಾ ಜ್ವರ ತಲಪಿತ್ತು. ಆ ಕಾಲದ ಸಾವನ್ನು ಜನ ಯುದ್ಧದ ಲೆಕ್ಕಕ್ಕೆ ಬರೆಯದೆ ದೈವದ ಲೆಕ್ಕಕ್ಕೆ ಬರೆದರು. ಆದ್ದರಿಂದ ಅದು ಸರ್ಕಾರದ ಮೇಲಣ ಕೋಪವಾಗಿ ತಿರುಗಲಿಲ್ಲ.

ಎರಡನೆಯ ಮಹಾಯುದ್ಧ ಪ್ರಾರಂಭವಾದಾಗ ಸನ್ನಿವೇಶವೇ ಬೇರೆಯಾಗಿತ್ತು. 1938ರ ಶಿವಪುರದ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲಿಬಾರಿನ ಪ್ರಸಂಗಗಳಿಂದ ಮೈಸೂರು ಕಾಂಗ್ರೆಸ್ಸಿನ ಹೆಸರು ಹಳ್ಳಿಗಳಿಗೂ ಹಬ್ಬಿತ್ತು. 1939ರ ಸೆಪ್ಟೆಂಬರ್ ತಿಂಗಳಿನಲ್ಲಿ ಯೂರೋಪಿನಲ್ಲಿ ಫಿರಂಗಿಗಳು ಗರ್ಜಿಸುತ್ತಿದ್ದ ಹೊತ್ತಿಗೆ, ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳನ್ನು ಕಡಿಯುವ ಅರಣ್ಯ ಸತ್ಯಾಗ್ರಹ ನಡೆಯುತ್ತಿತ್ತು. ಜಗಳೂರಿನ ಜನಕ್ಕೆ ಪೋಲೆಂಡಿಗಿಂತ ತುರುವನೂರು ಹತ್ತಿರವಾದುದರಲ್ಲಿ ಆಶ್ಚರ್ಯವೇನು? ಭಾರತವು ಯುದ್ಧದಲ್ಲಿದೆಯೆಂದು ವೈಸರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಸಾರಿದುದು ಬ್ರಿಟಿಷ್ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳ ರಾಜೀನಾಮೆಗೆ ಕಾರಣವಾಯಿತು. ಮೈಸೂರಿನಲ್ಲಿ ಅಂಥ ಮಂತ್ರಿಮಂಡಲವೇ ಇರಲಿಲ್ಲವಾದ್ದರಿಂದ ಪ್ರಶ್ನೆ ಬೇರೆ ರೂಪ ತಾಳಿತು: ಯುದ್ಧ ಯಾರದು ಎಂಬುದಕ್ಕಿಂತ, ಅದರ ಖರ್ಚನ್ನು ನಮ್ಮಿಂದ ವಸೂಲು ಮಾಡುವವರನ್ನು ನೇಮಿಸಿದವರು ಯಾರು ಎಂಬುದು ಮುಖ್ಯವಾಯಿತು.

ವಾರ್ತೆ ಬರುತ್ತಿದ್ದ ದಾರಿಗಳು ಸಂಕುಚಿತವಾಗಿದ್ದುವು. ಪಿ. ಆರ್. ರಾಮಯ್ಯನವರ 'ತಾಯಿನಾಡು', ತಿ. ತಾ. ಶರ್ಮರ 'ವಿಶ್ವ ಕರ್ನಾಟಕ', ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ' ಮುಂತಾದ ಪತ್ರಿಕೆಗಳ ಒಂದು ಪ್ರತಿಯನ್ನು ಒಬ್ಬ ಓದಿ ಹತ್ತು ಮಂದಿ ಕೇಳುವುದು ವಾಡಿಕೆ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಆಕಾಶವಾಣಿಯನ್ನು 1942ರಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು; ಆದರೆ ರೇಡಿಯೊ ಪೆಟ್ಟಿಗೆ ಹಳ್ಳಿಯಲ್ಲಿ ಎಷ್ಟಿದ್ದೀತು! ಸರ್ಕಾರದ ಪ್ರಕಟಣೆಗಳು ಜಯವನ್ನು ಹಿಗ್ಗಿಸಿ ಸೋಲನ್ನು ಮುಚ್ಚುವುವೆಂಬ ಸಂಶಯ ಬಲಿತೊಡನೆ ವದಂತಿಗೆ ರೆಕ್ಕೆ ಬಂದಿತು. ಸೆನ್ಸಾರಿನ ಕತ್ತರಿ ಹರಿತವಾದಷ್ಟೂ ಸಂತೆಮಾತಿನ ಬೆಲೆ ಏರುವುದು ದೀರ್ಘಯುದ್ಧದ ನಿಯಮವೆಂದೇ ಹೇಳಬಹುದು; ಸುಳ್ಳು ಹೇಳುವುದರಿಂದ ಸರ್ಕಾರಕ್ಕೆ ಆಗುವ ನಷ್ಟವೆಂದರೆ, ಮುಂದೆ ಅದು ನಿಜ ಹೇಳಿದರೂ ಜನ ನಂಬದಿರುವುದು.

ಯುದ್ಧವನ್ನು ಜನ ಮೊದಲು ಮುಟ್ಟಿ ನೋಡಿದುದು ನಾಣ್ಯದಲ್ಲಿ. 1940ರಲ್ಲಿ ಫ್ರಾನ್ಸ್ ಬಿದ್ದಾಗ ದೇಶಾದ್ಯಂತ ಜನರು ನೋಟು ಕೊಟ್ಟು ಬೆಳ್ಳಿ ರೂಪಾಯಿ ಪಡೆಯಲು ಮುಗಿಬಿದ್ದರು. ಸರ್ಕಾರ ಒಂದು ರೂಪಾಯಿಯ ನೋಟನ್ನು ಚಲಾವಣೆಗೆ ತಂದುದಲ್ಲದೆ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿಯನ್ನು ಅರ್ಧ ಬೆಳ್ಳಿಗೆ ಇಳಿಸಿತು. ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ನಾದ ಕೇಳಿ ಪರೀಕ್ಷಿಸುವ ರೈತನಿಗೆ ಬ್ರಿಟಿಷ್ ಸಾಮ್ರಾಜ್ಯದ ಸ್ಥಿತಿಯನ್ನು ತಿಳಿಯಲು ಬೇರೆ ವರ್ತಮಾನ ಬೇಕಿರಲಿಲ್ಲ. ಹಳೆಯ ರೂಪಾಯಿಗಳು ಗಡಿಗೆಯೊಳಗೆ ಸೇರಿದುವು. 1943ರಲ್ಲಿ ನಡುವೆ ತೂತಿದ್ದ ಕಾಸು ಬಂದಿತು. ತಾಮ್ರಕ್ಕೂ ಬಡತನ ಬಂದ ಸರ್ಕಾರ ಯುದ್ಧ ಗೆದ್ದೀತೆ ಎಂಬ ಸಂದೇಹವನ್ನು ಆ ತೂತು ಹುಟ್ಟಿಸಿದಷ್ಟು ಯಾವ ಶತ್ರುಪ್ರಚಾರವೂ ಹುಟ್ಟಿಸಿರಲಾರದು.

ಬೆಳೆಯ ಮಾರಾಟದ ಮೇಲೆ ಬಿದ್ದ ಪೆಟ್ಟು ಒಣನಾಡಿಗೆ ಹೆಚ್ಚು ತಾಗಿತು. ಫ್ರಾನ್ಸಿನ ಪತನದಿಂದ ಕಡಲೆಕಾಯಿಯ ಯೂರೋಪಿನ ಪೇಟೆ ಮುಚ್ಚಿತು. 1941ರಲ್ಲಿ ಜಪಾನೀಯರೊಡನೆ ವ್ಯಾಪಾರ ನಿಂತಮೇಲೆ ಗಿಡ್ಡ ಎಳೆಯ ಹತ್ತಿಗೆ ಕೊಳ್ಳುವವರಿಲ್ಲದಾದರು. ಮಾರುವ ಸರಕಿನ ಬೆಲೆ ಕುಸಿದು ಕೊಳ್ಳುವ ಸರಕಿನ ಬೆಲೆ ಏರುವುದೆಂದರೆ ಜಗಳೂರಿನಂಥ ತಾಲ್ಲೂಕಿಗೆ ಎರಡು ಕಡೆಯಿಂದಲೂ ಕಡಿತ. ಇದಕ್ಕೆ ಪ್ರತಿಯಾಗಿ, ಕೆರೆಯ ಕೆಳಗೆ ಭತ್ತ ಬೆಳೆದ ಚನ್ನಗಿರಿಯ ದೊಡ್ಡ ಹಿಡುವಳಿದಾರನಿಗೆ ಧಾರಣೆ ಏರಿದುದು ಕೆಲವು ಕಾಲ ಅನುಕೂಲವೇ ಆಯಿತು. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗೆ ಯುದ್ಧದ ಬೇಡಿಕೆ ಬಂದು, ಅದರ ಕುಲುಮೆಗೆ ಸೌದೆ-ಇದ್ದಿಲು ಒದಗಿಸುವ ಗುತ್ತಿಗೆದಾರರಿಗೂ, ದಾವಣಗೆರೆಯ ಬಟ್ಟೆ ಗಿರಣಿಗೂ ಕೈತುಂಬ ಕೆಲಸ ಸಿಕ್ಕಿತು. ಆದುದರಿಂದ ಒಳನಾಡಿನ ಅಭಿಪ್ರಾಯವೆಂಬ ಏಕವಚನವೇ ತಪ್ಪುದಾರಿಗೆ ಎಳೆಯುವಂಥದು. ಯುದ್ಧದಿಂದ ಗಳಿಸಿದವನು ಯುದ್ಧನಿಧಿಗೆ ಚಂದಾ ಕೊಟ್ಟು ಅಮಲ್ದಾರರ ಪಕ್ಕದ ಕುರ್ಚಿಯಲ್ಲಿ ಕುಳಿತನು. ಕಳೆದುಕೊಂಡವನು ಆ ಚಂದಾದ ರಸೀದಿಯನ್ನೂ ಕಂದಾಯದ ರಸೀದಿಯನ್ನೂ ಒಟ್ಟಿಗೆ ಮಡಿಸಿಟ್ಟು ಅವೆರಡಕ್ಕೂ ಭೇದ ಕಾಣದೆಹೋದನು.

1942 ನಿರ್ಣಾಯಕ ವರ್ಷ. ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಸೆರೆಸಿಕ್ಕಿದವರಲ್ಲಿ ಮೈಸೂರು ಸಂಸ್ಥಾನದ ಪದಾತಿದಳದವರೂ ಇದ್ದರು. ಮಾರ್ಚಿನಲ್ಲಿ ರಂಗೂನು ಹೋಯಿತು. ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದು, ಮದರಾಸಿನ ಜನ ಊರು ತೊರೆದು ಒಳನಾಡಿಗೆ ಹರಿದರು. ಬರ್ಮಾ ಹೋದುದರ ಅರ್ಥವನ್ನು ಭೂಪಟ ನೋಡದವರೂ ತಿಳಿದರು: ಬರ್ಮಾ ಅಕ್ಕಿ ಬಾರದು, ಬರ್ಮಾದ ಸೀಮೆಎಣ್ಣೆ ಬಾರದು. ಹರಳೆಣ್ಣೆ, ಹೊಂಗೆಯೆಣ್ಣೆಯ ಹಣತೆಗಳು ಮತ್ತೆ ಹೊರಬಂದುವು. ಪೆಟ್ರೋಲು ಸಿಕ್ಕದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಏರು ಬಂದಲ್ಲಿ ಪ್ರಯಾಣಿಕರನ್ನು ಇಳಿಸಿ ತಳ್ಳಿಸಿ ನಡೆಸಬೇಕಾಯಿತು. ಮರುವರ್ಷದ ಹೊತ್ತಿಗೆ ಇಡೀ ದೇಶದಲ್ಲಿ ಸಗಟು ಬೆಲೆಗಳು ಯುದ್ಧಪೂರ್ವದ ಮಟ್ಟಕ್ಕಿಂತ ಎರಡು ಪಟ್ಟಿಗೂ ಮೀರಿ ಏರಿದುವು. ಬಟ್ಟೆಗೆ ಕಂಟ್ರೋಲು, ಸಕ್ಕರೆಗೆ ಕಂಟ್ರೋಲು. ಅವೆಲ್ಲದರ ಬೆನ್ನಿಗೆ ಕಾಳಸಂತೆ.

ಇವೆಲ್ಲಕ್ಕಿಂತ ಹಳ್ಳಿಯ ಮನಸ್ಸನ್ನು ಕದಡಿದುದು ಧಾನ್ಯದ ಲೆವಿ. ಪಟ್ಟಣದವರಿಗೆ ಪಡಿತರ ಒದಗಿಸಬೇಕಾದರೆ ಯಾರಿಂದಲಾದರೂ ತರಬೇಕಷ್ಟೆ. ಹಿಡುವಳಿಯ ಲೆಕ್ಕದ ಮೇಲೆ, ಮನೆಯ ಊಟಕ್ಕೂ ಬಿತ್ತನೆಗೂ ಇಷ್ಟೆಂದು ಬಿಟ್ಟು ಉಳಿದುದನ್ನು ನಿಗದಿಯಾದ ದರಕ್ಕೆ ಸರ್ಕಾರಕ್ಕೆ ಅಳೆಯಬೇಕೆಂಬ ನಿಯಮ ತತ್ತ್ವದಲ್ಲಿ ಅನ್ಯಾಯವಾದುದಲ್ಲ. ಆದರೆ ಬೆಳೆ ಎಷ್ಟಾಯಿತೆಂದು ಬರೆಯುವವನು ಶಾನುಭೋಗ, ಸಾಕ್ಷಿ ಹೇಳುವವನು ಪಟೇಲ, ಮೇಲ್ವಿಚಾರಣೆ ಶೇಕ್‌ದಾರನದು. ಆ ಬರಹದಲ್ಲಿ ಒಬ್ಬನ ಐದು ಪಲ್ಲ ಎಂಟಾಗಲೂಬಹುದು, ಇನ್ನೊಬ್ಬನ ಇಪ್ಪತ್ತು ಹತ್ತಾಗಲೂಬಹುದು. ಮದುವೆಗೆಂದೋ ಜಾತ್ರೆಗೆಂದೋ ಬರಗಾಲಕ್ಕೆಂದೋ ಕೂಡಿಟ್ಟ ಧಾನ್ಯವನ್ನು 'ಹೆಚ್ಚುವರಿ' ಎಂದು ಕರೆಯುವುದನ್ನು ಕೇಳಿ ರೈತ ಕೆರಳಿದನು. ಮರಾಠರ ದಂಡಿಗೆ ಮರೆಮಾಡಲೆಂದು ಹಿರಿಯರು ತೋಡಿದ್ದ ಹಗೇವು ಈಗ ತಮ್ಮದೇ ಮಹಾರಾಜರ ಸರ್ಕಾರಕ್ಕೆ ಮರೆಮಾಡಲು ಉಪಯೋಗಕ್ಕೆ ಬಂದಿತು. 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಚಳವಳಿಯ ಉಪದೇಶವೂ, ಬೆಳೆದುದನ್ನು ಒಯ್ಯುವ ಲೆವಿಯೂ ಒಂದೇ ಕಚೇರಿಯಿಂದ ಹೊರಟುದು ಆ ಉಪದೇಶದ ದುರದೃಷ್ಟ. ಆದರೂ ನಿಷ್ಪಕ್ಷಪಾತವಾಗಿ ನೋಡಿದರೆ, 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತಾಗ ಮೈಸೂರಿನಲ್ಲಿ ಅಂಥ ದುರಂತ ಸಂಭವಿಸದಿದ್ದುದಕ್ಕೆ ಈ ಕಹಿಯಾದ ಏರ್ಪಾಡೂ ಒಂದು ಕಾರಣವೆಂದು ಒಪ್ಪಬೇಕಾಗುತ್ತದೆ. ತಪ್ಪಿಸಿದ ಅನಾಹುತಕ್ಕಾಗಿ ಯಾವ ಸರ್ಕಾರಕ್ಕೂ ಯಾರೂ ಕೃತಜ್ಞತೆ ಹೇಳಿದುದು ಕಾಣೆವು.

1942ರ ಆಗಸ್ಟಿನ 'ಕ್ವಿಟ್ ಇಂಡಿಯಾ' ಘೋಷಣೆ ಇಂಥ ಒಣಹುಲ್ಲಿನ ಮೇಲೆ ಬಿದ್ದಿತು. ತಂತಿ ಕತ್ತರಿಸುವುದು, ಶಾಲೆ ಬಿಡುವುದು ಎಲ್ಲೆಡೆಯೂ ನಡೆಯಿತು. ಹಾಸನದ ಸೀಮೆಯಲ್ಲಿ ಸಂತೆಯ ಸುಂಕವನ್ನು ಜನ ನಿರಾಕರಿಸಿದರು. ದಾವಣಗೆರೆಯಲ್ಲಿ ಪೊಲೀಸರ ಗುಂಡಿಗೆ ಪ್ರಾಣಗಳು ಹೋದುವು. ಹೊನ್ನಾಳಿಗೆ ಪಶ್ಚಿಮದಲ್ಲಿ ಹೊಂದಿಕೊಂಡಿರುವ ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮವು ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿ, ವೀರಭದ್ರ ದೇವಾಲಯದ ಮೇಲೆ ಧ್ವಜವೇರಿಸಿ, ಊರ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರುಗಳನ್ನಾಗಿ ನೇಮಿಸಿತು. ಈ ನೇಮಕವನ್ನು ಮಕ್ಕಳಾಟವೆಂದು ನಕ್ಕುಬಿಡುವುದು ಸಲ್ಲದು. ದೆಹಲಿಯ ವೈಸರಾಯ್, ಮೈಸೂರಿನ ದಿವಾನ ಎನ್ನದೆ, ತಮ್ಮ ಬಾಗಿಲಿಗೆ ಬರುವ ಎರಡೇ ಎರಡು ಅಧಿಕಾರಸ್ಥಾನಗಳನ್ನು ಜನ ಆರಿಸಿಕೊಂಡರೆಂಬುದರಲ್ಲಿ, ಮೂರು ವರ್ಷಗಳ ಯುದ್ಧ ಅವರಿಗೆ ಸರ್ಕಾರವನ್ನು ಯಾವ ಮುಖದಲ್ಲಿ ತೋರಿಸಿತ್ತೆಂಬುದು ಸ್ಪಷ್ಟವಾಗುತ್ತದೆ. ತಿಂಗಳ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಊರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಇಬ್ಬರೂ ಹತರಾದರು. ಸೈನ್ಯ ಬಂದಿತು, ಊರು ಸೂರೆಯಾಯಿತು, ಜನ ಕಾಡು ಸೇರಿದರು. ವಿಚಾರಣೆಯ ತರುವಾಯ 1943ರ ಮಾರ್ಚ್ 8ರಿಂದ 10ರ ವರೆಗೆ ಐವರನ್ನು ಗಲ್ಲಿಗೇರಿಸಲಾಯಿತು. ಯುದ್ಧಭೂಮಿಯಿಂದ ಬಾರದ ಸಾವು ಹೀಗೆ ಕಾರಾಗೃಹದಿಂದ ಬಂದಿತು, ಅದರೊಡನೆ ಈ ಭಾಗದ ಜನಕ್ಕೆ ತಮ್ಮವರೆಂದು ಹೇಳಿಕೊಳ್ಳಲು ಹುತಾತ್ಮರು ದೊರೆತರು.

ಇಷ್ಟಾದರೂ ಮಹಾರಾಜ ಜಯಚಾಮರಾಜ ಒಡೆಯರ ವಿಷಯದಲ್ಲಿ ಜನರಿಗಿದ್ದ ಗೌರವ ಬಹುಮಟ್ಟಿಗೆ ಅಳಿಯಲಿಲ್ಲವೆಂಬುದು ಗಮನಾರ್ಹ. ಕೋಪವೆಲ್ಲ ದಿವಾನ ಎನ್. ಮಾಧವರಾಯರ ಆಡಳಿತದ ಮೇಲೂ ಕೆಳಗಿನ ನೌಕರರ ಮೇಲೂ ಹರಿಯಿತು. 1830ರ ಕೂಟಗಳ ಧೋರಣೆಯೇ ಇದು. ಯುದ್ಧದ ಕಡೆಯ ಎರಡು ವರ್ಷಗಳಲ್ಲಿ ಪ್ರತಿಭಟನೆ ಅಡಗಿ, ಅದರ ಸ್ಥಳವನ್ನು ಒಂದು ಬಗೆಯ ಆಯಾಸವೂ ಹೊಂದಾಣಿಕೆಯೂ ಆಕ್ರಮಿಸಿದುವು. ಜರ್ಮನಿ ಸೋತ ವಾರ್ತೆ, ಜಪಾನು ಸೋತ ವಾರ್ತೆ ಇವು ದೀಪ ಹಚ್ಚಿ ಆಚರಿಸುವಂಥ ಉತ್ಸಾಹವನ್ನು ಹಳ್ಳಿಗಳಲ್ಲಿ ಹುಟ್ಟಿಸಬೇಕಾಗಿದ್ದರೆ ಹಚ್ಚುವುದಕ್ಕೆ ಎಣ್ಣೆಯಾದರೂ ಇರಬೇಕಿತ್ತು. 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಸೇನೆಯ ಅಧಿಕಾರಿಗಳ ವಿಚಾರಣೆ ಪ್ರಾರಂಭವಾದಾಗ ಮಾತ್ರ, ಯುದ್ಧದ ಉದ್ದಕ್ಕೂ ಕಾಣದಿದ್ದ ಉತ್ಕಂಠೆ ಪತ್ರಿಕೆ ಓದುವ ಗುಂಪುಗಳಲ್ಲಿ ಕಂಡಿತು.

ಶಾಂತಿ ಬಂದರೂ ಲೆವಿ ಹೋಗಲಿಲ್ಲ. ದಕ್ಷಿಣದಲ್ಲಿ ಮಳೆ ಕೈಕೊಟ್ಟುದರಿಂದ 1946ರಲ್ಲಿ ಪಡಿತರ ಇನ್ನೂ ಇಳಿಯಿತು. 1947ರ ಸೆಪ್ಟೆಂಬರ್ 1ರಂದು ಆರಂಭವಾದ 'ಮೈಸೂರು ಚಲೋ' ಚಳವಳಿಗೆ ಹಳ್ಳಿಗಳಿಂದ ದೊರೆತ ಬೆಂಬಲದಲ್ಲಿ ಜವಾಬ್ದಾರಿ ಸರ್ಕಾರವೆಂಬ ತತ್ತ್ವದ ಪಾಲು ಎಷ್ಟು, ಎಂಟು ವರ್ಷಗಳ ಧಾನ್ಯದ ಮುನಿಸಿನ ಪಾಲು ಎಷ್ಟು ಎಂದು ತೂಗಿ ಹೇಳುವುದು ಕಷ್ಟ. ಈ ಲೇಖಕನ ಮತದಲ್ಲಿ ಎರಡನೆಯದು ಚರಿತ್ರಕಾರರು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ದೇಶದಲ್ಲಿ ನಿಯಂತ್ರಣ ಸಡಿಲಿಸಿ, ಬೆಲೆಗಳು ಜಿಗಿದುದನ್ನು ಕಂಡು 1948ರಲ್ಲಿ ಮತ್ತೆ ಬಿಗಿಹಿಡಿದು, ಪೂರ್ತಿಯಾಗಿ ಕೈಬಿಡುವಷ್ಟರಲ್ಲಿ 1954 ಬಂದಿತ್ತು. ಜನರು ಆರಿಸಿದ ಸರ್ಕಾರವೇ ಅದೇ ಶಾನುಭೋಗರ ಕೈಯಲ್ಲಿ ಅದೇ ಲೆಕ್ಕ ಬರೆಸಿದಾಗ, ಹಿಂದಿನ ಮುನಿಸು ಹೊಸ ವಿಳಾಸಕ್ಕೆ ತಿರುಗಿತು.

ಸ್ವಾತಂತ್ರ್ಯಾನಂತರ 1962ರಿಂದ 1971ರ ವರೆಗೆ ನಡೆದ ಯುದ್ಧಗಳು ಅಲ್ಪಕಾಲಿಕವಾದುವು. 1962ರ ಚೀನಾ ಯುದ್ಧ ಸುಮಾರು ಒಂದು ತಿಂಗಳು ನಡೆದು, ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಗಸರು ಮೈಮೇಲಿನ ಒಡವೆಗಳನ್ನು ಬಿಚ್ಚಿಕೊಡುವಷ್ಟು ಆವೇಶವನ್ನು ದೇಶದಲ್ಲಿ ಹುಟ್ಟಿಸಿತು. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಕೇಳಿದಾಗ ಜನ ಬಿಟ್ಟರು. ಅದೇ ಜನ 1943ರಲ್ಲಿ ಹೊತ್ತಿನೂಟವನ್ನು ಬಲಾತ್ಕಾರದಿಂದ ಬಿಟ್ಟು ಶಪಿಸಿದ್ದರು. 1971ರ ಯುದ್ಧ ಎರಡೇ ವಾರಗಳಲ್ಲಿ ಮುಗಿಯಿತು. ಆದರೆ ಚೀನಾ ಯುದ್ಧದ ಬೆನ್ನಿಗೆ 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ತಂದ ಸುವರ್ಣ ನಿಯಂತ್ರಣವು, ಹೊಸ ಒಡವೆಯನ್ನು 14 ಕ್ಯಾರಟಿಗಿಂತ ಹೆಚ್ಚಿನ ಚಿನ್ನದಲ್ಲಿ ಮಾಡಕೂಡದೆಂದು ವಿಧಿಸಿ, ತಾಲ್ಲೂಕು ತಾಲ್ಲೂಕಿನ ಅಕ್ಕಸಾಲಿಗರ ಅಗ್ಗಿಷ್ಟಿಕೆಯನ್ನು ಆರಿಸಿತು. ನಿಧಿಗೆ ಚಿನ್ನ ಕೊಟ್ಟ ಊರುಗಳಲ್ಲಿಯೇ ಮಗಳ ತಾಳಿಗೆ ಒಳ್ಳೆಯ ಚಿನ್ನ ಸಿಕ್ಕದೆ ಗುಟ್ಟಾಗಿ ಮಾಡಿಸಬೇಕಾಯಿತು. ಕ್ಯಾರಟಿನ ಮಿತಿ ಬೇಗನೆ ಸಡಿಲಿತು. ಸುವರ್ಣ ನಿಯಂತ್ರಣದ ಕಾನೂನು ರದ್ದಾದುದು 1990ರಲ್ಲಿ.